ಸ್ವಿಚ್ಚು ನಮ್ಮ ಗೋಡೆಯಲ್ಲಿ, ಅಪ್ಪಣೆ ಯಾರದು?

2022ರ ಏಪ್ರಿಲ್ ಮಧ್ಯದಲ್ಲಿ ಇನ್‌ಸ್ಟಿಯಾನ್ ಎಂಬ ಅಮೆರಿಕದ ಕಂಪನಿಯ ಸ್ವಿಚ್ಚು, ಡಿಮ್ಮರುಗಳನ್ನು ಹಾಕಿಸಿಕೊಂಡವರ ಮೊಬೈಲ್ ಆ್ಯಪ್ ಏಕಾಏಕಿ ಸತ್ತುಹೋಯಿತು. ಮನೆಯಲ್ಲಿ ಕರೆಂಟಿತ್ತು, ಇಂಟರ್ನೆಟ್ ಇತ್ತು, ಬಲ್ಬುಗಳೂ ಸರಿಯಾಗಿದ್ದವು. ಕೆಟ್ಟಿದ್ದು ಕಂಪನಿಯ ಹಣಕಾಸು. ಗ್ರಾಹಕರಿಗೆ ಒಂದು ಮಾತೂ ಹೇಳದೆ ಅದು ಸರ್ವರ್‌ಗಳನ್ನು ನಿಲ್ಲಿಸಿಬಿಟ್ಟಿತ್ತು. ಜೂನ್‌ನಲ್ಲಿ ಬಳಕೆದಾರರದೇ ಒಂದು ಗುಂಪು ಕಂಪನಿಯನ್ನು ಕೊಂಡು ಸರ್ವರ್‌ಗಳನ್ನು ಮತ್ತೆ ಎಬ್ಬಿಸಿತು. ಪುಕ್ಕಟೆಯಾಗಿದ್ದ ಸೇವೆಗೆ ಆಮೇಲೆ ಚಂದಾ ಬಂತು.

ಮಂಚದ ಮೇಲೆ ಕೂತು ಫೋನು ಒತ್ತಿದರೆ ಎರಡು ಮಾರು ದೂರದ ದೀಪ ಆರಬೇಕು. ಅಷ್ಟಕ್ಕೆ ಆ ಆಜ್ಞೆ ಸಮುದ್ರ ದಾಟಿ ಯಾವುದೋ ದೇಶದ ಸರ್ವರ್ ಮುಟ್ಟಿ ಬರಬೇಕೇಕೆ? ಸ್ಮಾರ್ಟ್ ಹೋಮ್ ಜಾಹೀರಾತುಗಳು ಈ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ. ಮನೆ ಯಾಂತ್ರೀಕರಣದ ಸುಮಾರು ನೂರಾ ನಲವತ್ತು ವರ್ಷಗಳ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಇದೊಂದೇ: ಆಜ್ಞೆ ಯಾವ ದಾರಿಯಲ್ಲಿ ಹೋಗುತ್ತದೆ, ತೀರ್ಮಾನ ಎಲ್ಲಿ ಆಗುತ್ತದೆ.

ಮೊದಮೊದಲು ತೀರ್ಮಾನ ಇದ್ದಲ್ಲೇ ಆಗುತ್ತಿತ್ತು. ವಿಸ್ಕಾನ್ಸಿನ್‌ನ ಮೇಷ್ಟ್ರು ವಾರೆನ್ ಜಾನ್ಸನ್ 1883ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಥರ್ಮೋಸ್ಟಾಟ್, ತರಗತಿಯ ಬಿಸಿ ಹದ ತಪ್ಪಿದರೆ ಒಲೆ ನೋಡಿಕೊಳ್ಳುವವನಿಗೆ ಗಂಟೆ ಬಾರಿಸಿ ತಿಳಿಸುತ್ತಿತ್ತು. ಎರಡು ವರ್ಷದ ಬಳಿಕ ಮಿನಿಯಾಪೊಲಿಸ್‌ನ ಆಲ್ಬರ್ಟ್ ಬಟ್ಜ್ ಒಂದು ಹೆಜ್ಜೆ ಮುಂದೆ ಹೋಗಿ, ಚಳಿಯಾದರೆ ಕಲ್ಲಿದ್ದಲ ಒಲೆಯ ಗಾಳಿಕಿಂಡಿ ತಾನೇ ತೆರೆದುಕೊಳ್ಳುವಂತೆ ಮಾಡಿದರು. ಅವರು ಹುಟ್ಟುಹಾಕಿದ ಉದ್ಯಮವೇ ಕಾಲಾಂತರದಲ್ಲಿ ಹನಿವೆಲ್ ಆಯಿತು. ಅದೇ ಹನಿವೆಲ್ 1969ರಲ್ಲಿ ನೀಮನ್ ಮಾರ್ಕಸ್ ಎಂಬ ದುಬಾರಿ ಅಂಗಡಿಯ ಕ್ಯಾಟಲಾಗಿನಲ್ಲಿ ಅಡುಗೆಮನೆಗೊಂದು ಕಂಪ್ಯೂಟರ್ ಇಟ್ಟಿತು. ಬೆಲೆ 10,600 ಡಾಲರ್, ಜೊತೆಗೆ ಎರಡು ವಾರದ ಪ್ರೋಗ್ರಾಮಿಂಗ್ ತರಬೇತಿ ಉಚಿತ. ಅಡುಗೆಯ ವಿಧಾನ ಬೇಕಿದ್ದರೆ ಗೃಹಿಣಿ ಸಾಲು ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಹತ್ತಿ ಆರುವ ಪುಟ್ಟ ದೀಪಗಳಲ್ಲಿ ಉತ್ತರ ಓದಿಕೊಳ್ಳಬೇಕಿತ್ತು. ಒಂದಾದರೂ ಮಾರಾಟವಾದ ದಾಖಲೆ ಇಲ್ಲ. ಅದಕ್ಕೂ ಮೂರು ವರ್ಷ ಮೊದಲು ಪಿಟ್ಸ್‌ಬರ್ಗ್‌ನ ಎಂಜಿನಿಯರ್ ಜಿಮ್ ಸದರ್‌ಲ್ಯಾಂಡ್ ಕಾರ್ಖಾನೆಯಲ್ಲಿ ಮಿಕ್ಕಿದ್ದ ಬಿಡಿಭಾಗಗಳಿಂದ 'ಎಕೋ 4' ಎಂಬ ಗೃಹ ಕಂಪ್ಯೂಟರ್ ಕಟ್ಟಿದ್ದರು. ಮನೆಯ ತಾಪಮಾನ, ಗಡಿಯಾರ, ಸಾಮಾನಿನ ಪಟ್ಟಿ ಎಲ್ಲವನ್ನೂ ಅದು ನೋಡಿಕೊಳ್ಳುವಂತೆ ಮಾಡುವುದು ಅವರ ಬಯಕೆ. ಎಂಟುನೂರು ಪೌಂಡ್‌ನಷ್ಟು ತೂಕದ ಆ ಯಂತ್ರ ಮಾರುಕಟ್ಟೆಗೆ ಬರಲೇ ಇಲ್ಲ.

ಜನಸಾಮಾನ್ಯರ ಕೈಗೆ ಸಿಕ್ಕ ಮೊದಲ ವ್ಯವಸ್ಥೆ ಸ್ಕಾಟ್ಲೆಂಡಿನಿಂದ ಬಂತು. ಗ್ಲೆನ್‌ರೋತೆಸ್ ಎಂಬ ಸಣ್ಣ ಊರಿನಲ್ಲಿ 1970ರಲ್ಲಿ ಶುರುವಾದ ಪೈಕೊ ಎಲೆಕ್ಟ್ರಾನಿಕ್ಸ್ ಮೊದಲು ಕ್ಯಾಲ್ಕುಲೇಟರ್ ಚಿಪ್ ಮಾಡುತ್ತಿತ್ತು. ಆಮೇಲೆ ಬಿಎಸ್‌ಆರ್ ಎಂಬ ಗ್ರಾಮಫೋನ್ ಕಂಪನಿಗೆ ರಿಮೋಟಿನಿಂದ ನಡೆಯುವ ರೆಕಾರ್ಡ್ ಪ್ಲೇಯರ್ ಮಾಡಿಕೊಟ್ಟಿತು. ಹಾಡು ದೂರದಿಂದ ಬದಲಾಗುವುದಾದರೆ ದೀಪ ಯಾಕೆ ಆರಬಾರದು ಎಂದು ಹೊಳೆದದ್ದು ಅಲ್ಲಿ. ಅದು ಅವರ ಹತ್ತನೆಯ ಯೋಜನೆಯಾದ್ದರಿಂದ ಎಕ್ಸ್10 ಎಂದೇ ಕರೆದರು. 1975ರಲ್ಲಿ ಕೆಲಸ ಶುರುವಾಗಿ 1978ರಲ್ಲಿ ಅಮೆರಿಕದ ಸಿಯರ್ಸ್, ರೇಡಿಯೊಶ್ಯಾಕ್ ಅಂಗಡಿಗಳಲ್ಲಿ ಮಾರಾಟಕ್ಕೆ ಬಂತು.

ಇದರ ಜಾಣತನ ಈಗಲೂ ಮೆಚ್ಚುವಂಥದ್ದು. ಹೊಸ ತಂತಿ ಎಳೆಯುವ ಗೊಡವೆಯೇ ಇಲ್ಲ, ಕರೆಂಟಿನ ತಂತಿಯಲ್ಲೇ ಸಂದೇಶವೂ ಹೋಗಬೇಕು. ಅಮೆರಿಕದ 60 ಹರ್ಟ್ಸ್ ಕರೆಂಟು ಸೆಕೆಂಡಿಗೆ 120 ಸಲ ಸೊನ್ನೆ ವೋಲ್ಟ್ ದಾಟುತ್ತದೆ. ತಂತಿಯಲ್ಲಿ ಗದ್ದಲ ಕಡಿಮೆ ಇರುವುದು ಆ ಗಳಿಗೆಯಲ್ಲೇ. ಆಗ 120 ಕಿಲೊಹರ್ಟ್ಸ್‌ನ ಒಂದು ಮಿಲಿಸೆಕೆಂಡಿನ ಮಿಡಿತ ಬಿಟ್ಟು, ಮುಂದಿನ ಸಲ ಬಿಡದಿದ್ದರೆ 'ಒಂದು'. ಅದೇ ಹಿಂದುಮುಂದಾದರೆ 'ಸೊನ್ನೆ'. ಮನೆಗೆ ಹದಿನಾರು ಅಕ್ಷರಗಳಲ್ಲಿ ಒಂದು, ಉಪಕರಣಕ್ಕೆ ಹದಿನಾರು ಅಂಕಿಗಳಲ್ಲಿ ಒಂದು, ಒಟ್ಟು 256 ವಿಳಾಸ. ಒಂದು ದೀಪ ಹೊತ್ತಿಸುವ ಆಜ್ಞೆ ಪೂರ್ತಿ ಮುಟ್ಟಲು ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಬೇಕು.

ತೊಂದರೆಯೂ ಅದೇ ತಂತಿಯಲ್ಲಿತ್ತು. ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿನ ಪಕ್ಕದ ಮನೆಯವರು ಅದೇ ಅಕ್ಷರ ಇಟ್ಟುಕೊಂಡಿದ್ದರೆ ಅವರು ರಿಮೋಟ್ ಒತ್ತಿದಾಗ ಇವರ ದೀಪ ಹತ್ತುತ್ತಿತ್ತು. ಟಿವಿ, ಕಂಪ್ಯೂಟರುಗಳ ಪವರ್ ಸಪ್ಲೈಗಳು ಸಂದೇಶವನ್ನು ನುಂಗುತ್ತಿದ್ದವು. ಆಜ್ಞೆ ಮುಟ್ಟಿತೇ ಇಲ್ಲವೇ ಎಂಬುದು ಕಳಿಸಿದವನಿಗೆ ತಿಳಿಯುತ್ತಲೂ ಇರಲಿಲ್ಲ, ಏಕೆಂದರೆ ದೀಪಕ್ಕೆ ಜೋಡಿಸುವ ಸಾಮಾನ್ಯ ಎಕ್ಸ್10 ಪೆಟ್ಟಿಗೆಗೆ, ಅಂದರೆ ಮಾಡ್ಯೂಲಿಗೆ, ಉತ್ತರ ಕೊಡುವ ಶಕ್ತಿಯೇ ಇರಲಿಲ್ಲ. ಆದರೂ ಇಷ್ಟು ಹೇಳಬೇಕು. ಕಂಪನಿ ಮುಳುಗಿದರೂ ಆ ಮಾಡ್ಯೂಲು ಕೆಲಸ ಬಿಡುತ್ತಿರಲಿಲ್ಲ. ಮಾರಾಟದ ಅಂಗಸಂಸ್ಥೆ 2003ರಲ್ಲಿ ದಿವಾಳಿ ಅರ್ಜಿ ಹಾಕಿತು, ಮನೆಗಳ ದೀಪಗಳಿಗೆ ಅದರ ಸುದ್ದಿಯೂ ಮುಟ್ಟಲಿಲ್ಲ.

ಯುರೋಪಿನವರು ಬೇರೆ ದಾರಿ ಹಿಡಿದರು. 1990ರ ಹೊತ್ತಿಗೆ ರೂಪ ಪಡೆದ ಇಐಬಿ, ಮುಂದೆ ಕೆಎನ್ಎಕ್ಸ್ ಆದ ವ್ಯವಸ್ಥೆಯಲ್ಲಿ ಸಂದೇಶಕ್ಕೆಂದೇ ಪ್ರತ್ಯೇಕ ಕೇಬಲ್. ಪ್ರತಿ ಸ್ವಿಚ್ಚಿನಲ್ಲೂ ತನ್ನದೇ ಚಿಪ್. ಎಲ್ಲಕ್ಕೂ ಮೇಲೆ ಕೂತು ಆಳುವ ಯಜಮಾನ ಪೆಟ್ಟಿಗೆ ಬೇಕಿಲ್ಲ. ಗಟ್ಟಿ ವ್ಯವಸ್ಥೆಯೇನೋ ಹೌದು, ಆದರೆ ಗೋಡೆ ಕಟ್ಟುವಾಗಲೇ ತಂತಿ ಎಳೆದಿರಬೇಕು, ಹಣವೂ ದಂಡಿಯಾಗಿರಬೇಕು.

ತಂತಿಯ ಹಂಗು ಬಿಟ್ಟದ್ದು ಈ ಶತಮಾನದ ಆರಂಭದಲ್ಲಿ. ಡೆನ್ಮಾರ್ಕಿನ ಜೆನ್ಸಿಸ್ ರೂಪಿಸಿದ ಝಡ್-ವೇವ್, ಎಂಜಿನಿಯರುಗಳ ಸಂಘ ಐಇಇಇಯ 2003ರ ಮಾನದಂಡದ ಮೇಲೆ ನಿಂತ ಜಿಗ್‌ಬೀ, ಎರಡರಲ್ಲೂ ಸಂದೇಶ ಬಾವಿಯ ಕೊಡದ ಹಾಗೆ ಕೈಯಿಂದ ಕೈಗೆ ಸಾಗುತ್ತದೆ: ನಡುಮನೆಯ ಬಲ್ಬು ಕೋಣೆಯ ಪ್ಲಗ್ಗಿಗೆ, ಆ ಪ್ಲಗ್ಗು ಬಾಲ್ಕನಿಯ ದೀಪಕ್ಕೆ. ಜಿಗ್‌ಬೀ ಬಹುಪಾಲು ಎಲ್ಲೆಡೆ 2.4 ಗಿಗಾಹರ್ಟ್ಸ್‌ನಲ್ಲೇ ಮಾತಾಡುತ್ತದೆ. ಝಡ್-ವೇವ್ ಹಾಗಲ್ಲ, ಅಮೆರಿಕದಲ್ಲಿ 908 ಮೆಗಾಹರ್ಟ್ಸ್, ಭಾರತದಲ್ಲಿ 865. ನ್ಯೂಜೆರ್ಸಿಯ ಮಗ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಸ್ವಿಚ್ಚು ಮೈಸೂರಿನಲ್ಲಿ ಕೊಂಡ ಹಬ್‌ನೊಂದಿಗೆ (ಉಪಕರಣಗಳನ್ನೆಲ್ಲ ಒಂದೆಡೆಯಿಂದ ನಡೆಸುವ ಪೆಟ್ಟಿಗೆ) ಮಾತಾಡದಿರಲು ಇದೇ ಕಾರಣ.

ಇಲ್ಲಿಯವರೆಗೂ ತೀರ್ಮಾನ ಮನೆಯೊಳಗೇ ಇತ್ತು. ಅದು ಹೊರಗೆ ಹೋದದ್ದು ಸ್ಮಾರ್ಟ್‌ಫೋನ್ ಬಂದ ಮೇಲೆ. ಕಚೇರಿಯಿಂದಲೇ ಗೀಸರ್ ಆರಿಸಬೇಕೆಂಬ ಆಸೆ ಹುಟ್ಟಿತು. ಆದರೆ ಮನೆಯ ರೌಟರ್ ಒಳಗಿನಿಂದ ಹೊರಡುವ ಕರೆಗೆ ಬಾಗಿಲು ತೆರೆಯುತ್ತದೆಯೇ ಹೊರತು ಹೊರಗಿನಿಂದ ಬಂದು ತಟ್ಟುವವರಿಗಲ್ಲ. ಇದಕ್ಕೆ ಸುಲಭದ ಪರಿಹಾರವೆಂದರೆ, ಗೀಸರಿನ ಸ್ವಿಚ್ಚು ತಾನೇ ಕಂಪನಿಯ ಸರ್ವರಿಗೆ ಕರೆ ಮಾಡಿ ಸದಾ ಸಂಪರ್ಕದಲ್ಲಿರುವುದು, ಫೋನೂ ಅದೇ ಸರ್ವರಿಗೆ ಹೇಳುವುದು. 2014ರಲ್ಲಿ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಅಗ್ಗದ ವೈ-ಫೈ ಚಿಪ್ ಇಎಸ್‌ಪಿ8266 ಬಂತು, ಅದೇ ವರ್ಷದ ನವೆಂಬರಿನಲ್ಲಿ ಅಲೆಕ್ಸಾ ಎಂದು ಕರೆದರೆ ಓಗೊಡುವ ಸ್ಪೀಕರ್ ಅಮೆಜಾನ್ ಎಕೋ ಬಂತು. ಹಬ್ಬು ಬೇಡ, ಮಾತಾಡಿದರೆ ಸಾಕು ಎಂಬ ಕಾಲ ಶುರುವಾಯಿತು. ಒಂದೇ ಕೋಣೆಯೊಳಗಿನ ಆಜ್ಞೆಯೂ ಸರ್ವರ್ ಸುತ್ತಿ ಬರತೊಡಗಿದ್ದು ಆಗ. ತಾಂತ್ರಿಕವಾಗಿ ಅದಕ್ಕೆ ಅಗತ್ಯವಿರಲಿಲ್ಲ, ತಯಾರಕರಿಗೆ ಅನುಕೂಲವಿತ್ತು: ಒಂದೇ ಬಗೆಯ ತಂತ್ರಾಂಶ ಬರೆದರೆ ಸಾಕು, ಯಾರು ಯಾವಾಗ ಏನು ಒತ್ತಿದರೆಂಬ ಲೆಕ್ಕವೂ ಸಿಗುತ್ತದೆ.

ಇದರ ಬೆಲೆ ಬೇಗನೆ ಗೊತ್ತಾಯಿತು. ಗೂಗಲ್ 3.2 ಬಿಲಿಯನ್ ಡಾಲರ್ ಕೊಟ್ಟು ಕೊಂಡಿದ್ದ ಸ್ಮಾರ್ಟ್ ಥರ್ಮೋಸ್ಟಾಟ್ ಕಂಪನಿ ನೆಸ್ಟ್, 2014ರಲ್ಲಿ ರಿವಾಲ್ವ್ ಎಂಬ ಪುಟ್ಟ ಹಬ್ ಕಂಪನಿಯನ್ನು ಕೊಂಡಿತು. 2016ರ ಮೇ 15ರಂದು ಅದರ ಸೇವೆ ನಿಲ್ಲಿಸಿತು. ಸುಮಾರು 300 ಡಾಲರಿನ ಪೆಟ್ಟಿಗೆಗಳು ಅಂದಿನಿಂದ ಬರೀ ಪ್ಲಾಸ್ಟಿಕ್. ಅದೇ ವರ್ಷದ ಅಕ್ಟೋಬರ್ 21ರಂದು ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ಒಟ್ಟುಗೂಡಿಸಿ ಜಾಲತಾಣದ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ (ಡಿಎನ್ಎಸ್) ಕಂಪನಿ ಡೈನ್ ಮೇಲೆ ಮುಗಿಬಿತ್ತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ತೆರೆಯಲಿಲ್ಲ. ಮಲಗಿದ ಮಗುವನ್ನು ನೋಡಿಕೊಳ್ಳಲು ತಂದ ಕ್ಯಾಮೆರಾ ಮನೆಯವರಿಗೆ ಗೊತ್ತಿಲ್ಲದೆ ಯಾರದೋ ಸೈನ್ಯದಲ್ಲಿತ್ತು.

ಇದಕ್ಕೆ ಉತ್ತರವೆಂದು ಬಂದದ್ದು ಮ್ಯಾಟರ್ ಎಂಬ, ಎಲ್ಲ ಕಂಪನಿಗಳಿಗೂ ಒಂದೇ ಆದ ಮಾನದಂಡ. ಅಮೆಜಾನ್, ಆ್ಯಪಲ್, ಗೂಗಲ್ ಮತ್ತು ಜಿಗ್‌ಬೀ ಒಕ್ಕೂಟ 2019ರ ಡಿಸೆಂಬರಿನಲ್ಲಿ ಒಟ್ಟಾಗಿ ಘೋಷಿಸಿ, 2022ರ ಅಕ್ಟೋಬರಿನಲ್ಲಿ ಮೊದಲ ಆವೃತ್ತಿ ಹೊರತಂದವು. ಪ್ರತಿ ಬಲ್ಬಿಗೂ ಐಪಿ ವಿಳಾಸ, ಅಸಲಿತನಕ್ಕೆ ಪ್ರಮಾಣಪತ್ರ, ವೈ-ಫೈ ಅಥವಾ ಥ್ರೆಡ್ ಎಂಬ ನಿಸ್ತಂತು ಜಾಲದ ಮೂಲಕ ಮನೆಯೊಳಗೇ ಮಾತುಕತೆ. ಇಂಟರ್ನೆಟ್ ಹೋದರೂ ಸ್ವಿಚ್ಚು ನಡೆಯಬೇಕೆಂಬುದು ವಿನ್ಯಾಸದಲ್ಲೇ ಇದೆ. ಒಳ್ಳೆಯ ಸುದ್ದಿಯೇ. ಆದರೆ ಇದನ್ನು ಹವ್ಯಾಸಿಗಳು ಮೊದಲೇ ಮಾಡಿ ತೋರಿಸಿದ್ದರು. ಪಾಲಸ್ ಸ್ಖೌಟ್ಸನ್ 2013ರಲ್ಲಿ ಆರಂಭಿಸಿದ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ ಒಂದು ಪುಟ್ಟ ಕಂಪ್ಯೂಟರಿನಲ್ಲಿ ಕೂತು, ಬೇರೆ ಬೇರೆ ಕಂಪನಿಗಳ ಸಾಮಾನನ್ನು ಮನೆಯಿಂದಲೇ ನಡೆಸುತ್ತದೆ.

ನಮ್ಮಲ್ಲಿ ಸಮಸ್ಯೆ ಶುರುವಾಗುವುದು ಇದಕ್ಕೂ ಮೊದಲು, ಸ್ವಿಚ್‌ಬೋರ್ಡಿನ ಡಬ್ಬಿಯಲ್ಲಿ. ಸ್ಮಾರ್ಟ್ ಸ್ವಿಚ್ಚು ದೀಪ ಆರಿದಾಗಲೂ ಎಚ್ಚರವಿರಬೇಕು, ಹಾಗಾಗಿ ಅದಕ್ಕೆ ಕರೆಂಟು ತರುವ ಫೇಸ್ ತಂತಿಯ ಜೊತೆ ಮರಳಿ ಹೋಗುವ ನ್ಯೂಟ್ರಲ್ ತಂತಿಯೂ ಬೇಕು. ಪ್ಲಗ್ ಸಾಕೆಟ್ ಇರುವ ಬೋರ್ಡಿನಲ್ಲಿ ಅದಿರುತ್ತದೆ. ಬರೀ ಲೈಟು, ಫ್ಯಾನಿನ ಬೋರ್ಡಿಗೆ ಹಳೆಯ ಮನೆಗಳಲ್ಲಿ ಫೇಸ್ ಮಾತ್ರ ಎಳೆದಿರುವುದು ಸಾಮಾನ್ಯ. ನ್ಯೂಟ್ರಲ್ ಬೇಡದ ಸ್ವಿಚ್ಚುಗಳೂ ಇವೆ. ಅವು ಬಲ್ಬಿನ ಮೂಲಕವೇ ಒಂದಿಷ್ಟು ಕರೆಂಟ್ ಸೋರಿಸಿಕೊಂಡು ಬದುಕುತ್ತವೆ, ಹಾಗಾಗಿ ಕಡಿಮೆ ವ್ಯಾಟಿನ ಎಲ್‌ಇಡಿ ಆರಿದ ಮೇಲೂ ಮಿಣಮಿಣ ಎನ್ನುವುದುಂಟು. ಅಮೆರಿಕದ ವೈರಿಂಗ್ ಸಂಹಿತೆ 2011ರಲ್ಲೇ ಸ್ವಿಚ್ ಡಬ್ಬಿಗೆ ನ್ಯೂಟ್ರಲ್ ತರಬೇಕೆಂದಿತು. ಇನ್ನು ಕರೆಂಟ್ ಹೋಗಿ ಬರುವ ಊರುಗಳ ವಿಷಯ ಬೇರೆಯೇ. ನಡುರಾತ್ರಿ ಕರೆಂಟು ಮರಳಿದಾಗ ಕೆಲವು ಸ್ಮಾರ್ಟ್ ಬಲ್ಬುಗಳು ಪೂರ್ತಿ ಪ್ರಕಾಶದಲ್ಲಿ ಹತ್ತಿಕೊಳ್ಳುತ್ತವೆ. ಕರೆಂಟ್ ಅಪರೂಪಕ್ಕೆ ಹೋಗುವ ನಾಡಿನಲ್ಲಿ ಕೂತು ವಿನ್ಯಾಸ ಮಾಡಿದವರಿಗೆ ಇದು ಹೊಳೆಯುವುದು ಕಷ್ಟ.

ನಮ್ಮ ನಿಜವಾದ ಯಾಂತ್ರೀಕರಣ ನೀರಿನ ಸುತ್ತ ಬೆಳೆದಿದೆ. ಸಂಪಿನಲ್ಲಿ ನೀರಿದ್ದು ಮೇಲಿನ ಟ್ಯಾಂಕು ಖಾಲಿಯಾದರೆ ಮೋಟಾರ್ ತಾನೇ ಹೊರಡುವ ಕಂಟ್ರೋಲರ್ ಬೆಂಗಳೂರಿನಲ್ಲಿ ಅಲೆಕ್ಸಾಗಿಂತ ಎಷ್ಟೋ ಹಳೆಯದು. ಬಯಲುಸೀಮೆಯ ತೋಟಗಳಲ್ಲಿ ಆಟೋ ಸ್ಟಾರ್ಟರ್ ಮತ್ತು ಮೊಬೈಲ್ ಸ್ಟಾರ್ಟರ್ ಇವೆ. ಸಿಮ್ ಹಾಕಿದ ಪೆಟ್ಟಿಗೆಗೆ ಕರೆ ಮಾಡಿದರೆ ಪಂಪ್‌ಸೆಟ್ ಶುರು. ಮೂರೂ ಫೇಸ್ ಬಂದಿವೆಯೇ, ಬೋರಿನಲ್ಲಿ ನೀರಿದೆಯೇ ಎಂದು ಪೆಟ್ಟಿಗೆಯೇ ನೋಡಿಕೊಂಡು ತೀರ್ಮಾನಿಸುತ್ತದೆ. ರಾತ್ರಿ ಪಾಳಿಯಲ್ಲಿ ಹಾವು, ಚಿರತೆಯ ಭಯದಲ್ಲಿ ತೋಟಕ್ಕೆ ನಡೆಯುವುದನ್ನು ಅದು ತಪ್ಪಿಸಿದೆ. ಆದರೆ ಎಸ್ಕಾಂ ಎಂಜಿನಿಯರುಗಳಿಗೆ ಆಟೋ ಸ್ಟಾರ್ಟರ್ ಕಂಡರೆ ಆಗದು. ಶುರುವಾಗುವ ಗಳಿಗೆಯಲ್ಲಿ ಮೋಟಾರು ಮಾಮೂಲಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಲೈನಿಗೆ ಕರೆಂಟ್ ಬಂದ ಕೂಡಲೇ ಎಲ್ಲ ಪಂಪುಗಳೂ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಇದಕ್ಕೆಂದೇ ಸ್ಟಾರ್ಟರಿನಲ್ಲಿ ತಡವಾಗಿ ಹೊರಡಿಸುವ ಟೈಮರ್ ಕೊಟ್ಟಿರುತ್ತಾರೆ. ಒಬ್ಬೊಬ್ಬರು ಒಂದೊಂದು ನಿಮಿಷಕ್ಕೆ ಇಟ್ಟುಕೊಂಡರೆ ಹೊರೆ ಹಂಚಿಹೋಗುತ್ತದೆ. ಮೂರು ಫೇಸ್ ಸಿಗುವುದೇ ಎಣಿಸಿದಷ್ಟು ಗಂಟೆಯಾದಾಗ ಆ ಮೊದಲ ನಿಮಿಷಗಳನ್ನು ಪಕ್ಕದ ತೋಟಕ್ಕೆ ಬಿಟ್ಟುಕೊಡಲು ಯಾರು ಒಪ್ಪುತ್ತಾರೆ ಎಂಬುದು ಬೇರೆ ಮಾತು.