'ಬೇಡ' ಎಂದರೆ ದಂಡ ಕಟ್ಟಬೇಕಾದ ಒಪ್ಪಿಗೆ ಪತ್ರ

ನಾನು ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವಳು. ಥಲಸೇಮಿಯಾದಂಥ ರಕ್ತದ ಕಾಯಿಲೆ ಮನೆತನದಲ್ಲಿರುವ ದಂಪತಿ ಐವಿಎಫ್‌ಗೆ (ದೇಹದ ಹೊರಗೆ ಭ್ರೂಣ ರೂಪಿಸುವ ಚಿಕಿತ್ಸೆಗೆ) ಮೊದಲು ನನ್ನ ಹತ್ತಿರ ಬರುತ್ತಾರೆ. ಒಪ್ಪಿಗೆ ಪತ್ರ ಮುಂದಿಟ್ಟ ಕೂಡಲೇ ಹೆಚ್ಚಿನವರು ಕೇಳುವುದು ಒಂದೇ: "ಎಲ್ಲಿ ಸಹಿ ಹಾಕ್ಬೇಕು ಮೇಡಂ?" ಮಗು ಬೇಕೆಂಬ ಆಸೆ ಅಷ್ಟು ದೊಡ್ಡದು. ಅದಕ್ಕೇ ನಾನು ಅವತ್ತೇ ಸಹಿ ತೆಗೆದುಕೊಳ್ಳುವುದಿಲ್ಲ. ಮನೆಗೆ ಒಯ್ದು ಓದಿ, ವಾರ ಬಿಟ್ಟು ಬನ್ನಿ ಎನ್ನುತ್ತೇನೆ.

ಭ್ರೂಣದ ಜೀನ್ ತಿದ್ದುವ ಮಾತು ಬಂದಾಗ, "ಅಪ್ಪ ಅಮ್ಮನೇ ಒಪ್ಪಿದ ಮೇಲೆ ಇನ್ನೇನು?" ಎನ್ನುವವರಿದ್ದಾರೆ. ಅವರಿಗೆ ಚೀನಾದ ಶೆನ್‌ಜೆನ್‌ನ ಒಂದು ಒಪ್ಪಿಗೆ ಪತ್ರದ ಬಗ್ಗೆ ಹೇಳುತ್ತೇನೆ.

ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ತಂತ್ರ ಬಳಸಿ ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು 2018ರ ನವೆಂಬರ್‌ನಲ್ಲಿ ವಿಜ್ಞಾನಿ ಹೆ ಜಿಯಾನ್‌ಕುಯಿ ಪ್ರಕಟಿಸಿದರು. ಅಪ್ಪನಿಗೆ ಎಚ್‌ಐವಿ ಇತ್ತು, ಅಮ್ಮನಿಗೆ ಇರಲಿಲ್ಲ. ಎಚ್‌ಐವಿ ಜೀವಕೋಶದೊಳಗೆ ನುಗ್ಗಲು ನೆರವಾಗುವ ಸಿಸಿಆರ್5 ಎಂಬ ಜೀನನ್ನು ಹೆ ಕೆಡಿಸಲು ಹೊರಟಿದ್ದರು. ಆದರೆ ಅಪ್ಪನ ಸೋಂಕು ಮಗುವಿಗೆ ತಗಲದಿರಲು ಜೀನ್ ಮುಟ್ಟಬೇಕಿಲ್ಲ. ವೀರ್ಯವನ್ನು ತೊಳೆದು ಐವಿಎಫ್ ಮಾಡಿದರೆ ಸಾಕು. ಅಲ್ಲೂ ವೀರ್ಯವನ್ನು ತೊಳೆದಿದ್ದರು!

ಹಾಗಾದರೆ ಆ ದಂಪತಿ ಒಪ್ಪಿದ್ದೇಕೆ? ಚೀನಾದಲ್ಲಿ ಎಚ್‌ಐವಿ ಇದ್ದವರಿಗೆ ಐವಿಎಫ್ ಮಾಡಲು ನಿಯಮ ಬಿಡುತ್ತಿರಲಿಲ್ಲ. ಹೆ ಅವರ ಪ್ರಯೋಗದಲ್ಲಿ ಅದು ಸಿಗುತ್ತಿತ್ತು, ಅದೂ ಖರ್ಚಿಲ್ಲದೆ. ಒಪ್ಪಿಗೆ ಪತ್ರದಲ್ಲಿ ಆ ಪ್ರಯೋಗಕ್ಕೆ 'ಏಡ್ಸ್ ಲಸಿಕೆ' ಯೋಜನೆ ಎಂಬ ಹೆಸರು. ಲಸಿಕೆ ಅಂದರೆ ಯಾರು ಹೆದರುತ್ತಾರೆ? ವಿವರಿಸಲು ಹಿಡಿದದ್ದು 1 ಗಂಟೆ 10 ನಿಮಿಷ. ವಿವರಿಸಿದವರು ಪ್ರಯೋಗ ಮಾಡುವ ವಿಜ್ಞಾನಿಯೇ.

ನನ್ನನ್ನು ಜಾಸ್ತಿ ಕಾಡುವುದು ಅದರ ಒಂದು ಷರತ್ತು. ಭ್ರೂಣವನ್ನು ಗರ್ಭಕ್ಕೆ ಸೇರಿಸಿದ ಮೇಲೆ, ಮಗು ಹುಟ್ಟಿ 28 ದಿನ ಆಗುವವರೆಗೆ ದಂಪತಿ ತಾವಾಗಿ ಹಿಂದೆ ಸರಿದರೆ ಖರ್ಚೆಲ್ಲ ವಾಪಸ್ ಕೊಡಬೇಕು. ನೋಟಿಸ್ ಬಂದ 10 ದಿನದಲ್ಲಿ ಕೊಡದಿದ್ದರೆ ಮೇಲೆ 1 ಲಕ್ಷ ಯುವಾನ್ ದಂಡ. ಇಂಥ ಪತ್ರಕ್ಕೆ ಬಿದ್ದ ಸಹಿಯನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೂ ಒಂದು ವಿಷಯ ಇದೆ. ಒಂದು ಭ್ರೂಣದಲ್ಲಿ ಜೀನ್‌ನ ಎರಡು ಪ್ರತಿಗಳ ಪೈಕಿ ಒಂದು ಮಾತ್ರ ಬದಲಾಗಿತ್ತು. ಅಂದರೆ ಆ ಮಗುವಿಗೆ ಎಚ್‌ಐವಿ ತಡೆಯುವ ಶಕ್ತಿ ಬರುವುದಿಲ್ಲ, ಜೀನ್ ತಿದ್ದಿದ ಅಪಾಯ ಮಾತ್ರ ಉಳಿಯುತ್ತದೆ. ಇದನ್ನು ತಿಳಿಸಿದೆವು, ಆದರೂ ಅವರೇ ಆ ಭ್ರೂಣ ಬೇಕೆಂದರು ಎಂಬುದು ಹೆ ಅವರ ಸಮರ್ಥನೆ. ನನ್ನೆದುರು ಕೂರುವ ಯಾವ ತಾಯಿಯೂ ಕೈಗೆ ಬಂದ ಭ್ರೂಣವನ್ನು ಸುಲಭಕ್ಕೆ ಬಿಡುವುದಿಲ್ಲ. ಆ ದಂಪತಿಯನ್ನು ನಾನು ದೂರಲಾರೆ. ಅಲ್ಲಿಗೇ ನಿಲ್ಲಿಸುವ ಹೊಣೆ ಗೊತ್ತಿದ್ದವರದು, ಅಲ್ವಾ?

2019ರ ಡಿಸೆಂಬರ್‌ನಲ್ಲಿ ಅಲ್ಲಿನ ಕೋರ್ಟ್ ಹೆ ಅವರಿಗೆ 3 ವರ್ಷ ಜೈಲು, 30 ಲಕ್ಷ ಯುವಾನ್ ದಂಡ ವಿಧಿಸಿತು. ಭಾರತದಲ್ಲೂ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ ಇಂಥ ಪ್ರಯೋಗಕ್ಕೆ ಅವಕಾಶ ಕೊಡುವುದಿಲ್ಲ.

ನಮ್ಮ ಥಲಸೇಮಿಯಾ ದಂಪತಿಗೆ ಇದರ ಅಗತ್ಯವೂ ಕಡಿಮೆ. ಇಬ್ಬರೂ ವಾಹಕರಾಗಿದ್ದರೂ (ಕಾಯಿಲೆಯ ಜೀನ್‌ನ ಒಂದು ಪ್ರತಿ ಇರುವವರು) ಪ್ರತಿ ಭ್ರೂಣಕ್ಕೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪರೀಕ್ಷೆ ಮಾಡಿ ಕಾಯಿಲೆ ಇಲ್ಲದ ಭ್ರೂಣವನ್ನು ಆರಿಸಬಹುದು. ಯಾವ ಜೀನನ್ನೂ ತಿದ್ದಬೇಕಿಲ್ಲ.

ಆ ಅವಳಿಗಳಿಗೆ 2036ರಲ್ಲಿ 18 ತುಂಬುತ್ತದೆ. ಅಲ್ಲಿಯವರೆಗೆ ಅವರ ಆರೋಗ್ಯ ಗಮನಿಸುವುದು, ಆಮೇಲೆ ಅವರ ಒಪ್ಪಿಗೆ ಕೇಳುವುದು ಎಂಬ ಯೋಜನೆ ಇತ್ತು. ಆಗ ಅವರು ರಕ್ತಪರೀಕ್ಷೆ ಬೇಡ ಎನ್ನಬಹುದು. ತಿದ್ದಿದ ಜೀನ್ ಬೇಡ ಎನ್ನಲು ಆಗುವುದಿಲ್ಲ. ಅದು ಅವರ ಮಕ್ಕಳಿಗೂ ಹೋಗಬಹುದು.