ಆ ಡಿಫೆಂಡರ್ ಯಾಕೆ ತಡವಾಗಿ ಬಂದ?

ಕೋಚಿಂಗ್ ಲೈಸೆನ್ಸ್ ಪಡೆಯಲು ಬರುವ ಮಾಜಿ ಫುಟ್ಬಾಲ್ ಆಟಗಾರರಿಗೆ ಪಾಠ ಹೇಳುವುದು, ಆಮೇಲೆ ಮೈದಾನದಲ್ಲಿ ಅವರನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಬರುವವರಲ್ಲಿ ಸ್ಟಾರ್‌ಗಳು ಕಡಿಮೆ. ಎರಡನೇ, ಮೂರನೇ ಡಿವಿಷನ್‌ನಲ್ಲಿ ಬೆವರು ಹರಿಸಿದವರೇ ಜಾಸ್ತಿ. ಒಂದು ವರ್ಷದ ಕಾಂಟ್ರಾಕ್ಟ್, ಅದು ಮುಗಿದರೆ ಇನ್ನೊಂದು ಕ್ಲಬ್, ಅಲ್ಲಿ ಅರ್ಧ ಸೀಸನ್ ಬೆಂಚು, ಮಧ್ಯೆ ಒಂದು ಮಂಡಿ ಆಪರೇಷನ್, ಮತ್ತೆ ಬಟ್ಟೆ ಬರೆ ಕಟ್ಟಿಕೊಂಡು ಹೊಸ ಜಾಗ. ಇವರೆಂದರೆ ನನಗೆ ತುಂಬ ಪ್ರೀತಿ. ಸಿಟ್ಟು ಬರುವುದೂ ಇವರ ಮೇಲೆಯೇ.

ಸಿಟ್ಟು ಬರಿಸುವುದು ಒಂದೇ ಮಾತು. "ಸರ್, ನಾನು 15 ವರ್ಷ ಆಡಿದ್ದೀನಿ." ಯಾವ ಪ್ರಶ್ನೆ ಕೇಳಿದರೂ ಇದೇ ಉತ್ತರ. ಈ ಅಭ್ಯಾಸ ಯಾಕೆ ಇಟ್ಟಿರಿ? 15 ವರ್ಷ ಆಡಿದ್ದೀನಿ. ಆ ಹುಡುಗನಿಗೆ ಏನು ಅರ್ಥವಾಗಿಲ್ಲ? 15 ವರ್ಷ ಆಡಿದ್ದೀನಿ, ನನಗೆ ಗೊತ್ತಾಗುತ್ತೆ.

ಗೊತ್ತಾಗುತ್ತದೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಎಲ್ಲಿ ಗೊತ್ತಾಗುತ್ತದೆ? ಕಾಲಿಗೆ ಗೊತ್ತಾಗುತ್ತದೆ. ಸೊಂಟಕ್ಕೆ, ಕತ್ತಿಗೆ ಗೊತ್ತಾಗುತ್ತದೆ. ಬಾಯಿಗೆ ಇನ್ನೂ ಬಂದಿರುವುದಿಲ್ಲ.

ಒಂದು ಪರೀಕ್ಷೆಯ ದಿನ ನೆನಪಾಗುತ್ತದೆ. ಅಭ್ಯರ್ಥಿ 14 ವರ್ಷ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ಮಧ್ಯದಲ್ಲಿ ನಿಲ್ಲುವ ಡಿಫೆಂಡರ್ ಆಗಿ ಆಡಿದವರು, ಎಂಟು ಕ್ಲಬ್ ನೋಡಿದವರು. ಹುಡುಗರನ್ನು ಎಂಟು ಎಂಟು ಜನರ ಎರಡು ತಂಡ ಮಾಡಿ ಆಡಿಸುತ್ತಿದ್ದರು. ಒಬ್ಬ ಡಿಫೆಂಡರ್ ಹುಡುಗನ ಬೆನ್ನ ಹಿಂದೆ ಚೆಂಡು ಬಿತ್ತು, ಗೋಲಾಯಿತು. ಇವರು "ಬೇಗ ಓಡೋ!" ಎಂದು ಕೂಗಿದರು. ಸ್ವಲ್ಪ ಹೊತ್ತಿಗೆ ಅದೇ ರೀತಿ ಇನ್ನೊಂದು ಗೋಲು. ಮತ್ತೆ ಅದೇ ಕೂಗು. ಮೂರನೇ ಸಲ ತಡೆಯಲಾಗಲಿಲ್ಲ. ಹುಡುಗನನ್ನು ಪಕ್ಕಕ್ಕೆ ನಿಲ್ಲಿಸಿ ತಾವೇ ಆ ಜಾಗದಲ್ಲಿ ನಿಂತರು. ಅದೇ ಪಾಸ್ ಬಂತು, ಆರಾಮಾಗಿ ಹೋಗಿ ಚೆಂಡು ಕಿತ್ತುಕೊಂಡರು. "ನೋಡಿದ್ಯಾ? ಹೀಗೆ." ಹುಡುಗ ತಲೆಯಾಡಿಸಿದ. ಐದು ನಿಮಿಷದಲ್ಲಿ ಅವನ ಹಿಂದೆ ಮತ್ತೆ ಚೆಂಡು ಬಿತ್ತು.

ಆಮೇಲೆ ಕೂರಿಸಿಕೊಂಡು ಕೇಳಿದೆ. ಚೆಂಡು ತಡೆಯುವುದಕ್ಕೆ ಮುಂಚೆ ನೀವು ಏನು ಮಾಡಿದಿರಿ?

"ಏನೂ ಮಾಡಿಲ್ಲ ಸರ್. ಸುಮ್ನೆ ನಿಂತಿದ್ದೆ."

ವಿಡಿಯೊ ಹಾಕಿ ತೋರಿಸಿದೆ. ಸುಮ್ನೆ ನಿಂತೇ ಇರಲಿಲ್ಲ. ಎದುರಾಳಿ ಮಿಡ್‌ಫೀಲ್ಡರ್ ಕಡೆಗೆ ಚೆಂಡು ಹೋಗುತ್ತಿರುವಾಗಲೇ ಎರಡು ಸಲ ಹೆಗಲ ಮೇಲಿಂದ ಹಿಂದೆ ನೋಡಿದ್ದರು. ಮೈಯನ್ನು ಅರ್ಧ ಪಕ್ಕಕ್ಕೆ ತಿರುಗಿಸಿಕೊಂಡಿದ್ದರು, ಹಿಂದಕ್ಕೆ ಓಡಬೇಕಾಗಿ ಬಂದರೆ ಪೂರ್ತಿ ತಿರುಗಬೇಕಾಗಿರಲಿಲ್ಲ. ಆ ಮಿಡ್‌ಫೀಲ್ಡರ್ ತಲೆ ಎತ್ತಿ ಕಾಲು ಹಿಂದಕ್ಕೆ ಎಳೆದ ಗಳಿಗೆಯಲ್ಲಿ, ಪಾಸ್ ಇನ್ನೂ ಹೊರಟೇ ಇಲ್ಲ, ಇವರು ಆಗಲೇ ಎರಡು ಹೆಜ್ಜೆ ಹಿಂದಕ್ಕೆ ಹೋಗಿಯಾಗಿತ್ತು. ಹುಡುಗನನ್ನು ನೋಡಿ: ಎರಡೂ ಪಾದ ಚೆಂಡಿನ ಕಡೆಗೇ ನೇರ, ಕಣ್ಣು ಚೆಂಡಿಗೇ ಅಂಟಿಕೊಂಡಿದೆ. ಪಾಸ್ ಹೊರಟ ಮೇಲೆ ಅವನು ತಿರುಗಲು ಶುರು ಮಾಡುತ್ತಾನೆ. ಅಷ್ಟರಲ್ಲಿ ಫಾರ್ವರ್ಡ್ ಮುಂದೆ ಹೋಗಿಯಾಯಿತು. ಹುಡುಗ ಓಟದಲ್ಲಿ ಇವರಿಗಿಂತ ಚುರುಕು. ಅವನಿಗೆ "ಬೇಗ ಓಡು" ಎಂದರೆ ಏನು ಪ್ರಯೋಜನ?

ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ, ಅದಕ್ಕೇ ಇಲ್ಲೂ ಎಳೆದು ಹೇಳುತ್ತಿದ್ದೇನೆ. ತಪ್ಪು ಕಾಣಿಸುವ ಜಾಗ ಬೇರೆ, ತಪ್ಪು ಆಗುವ ಜಾಗ ಬೇರೆ. ಗೋಲು ಬಿದ್ದಾಗ ಎಲ್ಲರಿಗೂ ತಪ್ಪು ಕಾಣುತ್ತದೆ. ಅದು ಆಗಿದ್ದು ಮೂರು ಸೆಕೆಂಡ್ ಮುಂಚೆ. ಚೆಂಡು ಇರುವವನಿಗೆ ಹತ್ತಿರ ಯಾರೂ ಇಲ್ಲ, ಅವನ ತಲೆ ಮೇಲಿದೆ ಅಂದರೆ ಉದ್ದದ ಪಾಸ್ ಬರಬಹುದು, ಹಿಂದೆ ಸರಿಯಬೇಕು. ಅವನು ಬೆನ್ನು ತಿರುಗಿಸಿದ್ದಾನೆ, ಅಥವಾ ನಮ್ಮವನೊಬ್ಬ ಮೈಮೇಲೆ ಬಿದ್ದದ್ದಕ್ಕೆ ತಲೆ ತಗ್ಗಿಸಿಬಿಟ್ಟಿದ್ದಾನೆ ಅಂದರೆ ಅವನು ದೂರ ಕೊಡಲಾರ, ಮುಂದೆ ಬರಬೇಕು. ಆ ಸೆಂಟರ್ ಬ್ಯಾಕ್ ಇದನ್ನು 14 ವರ್ಷ ಪ್ರತಿ ಪಂದ್ಯದಲ್ಲೂ ಮಾಡಿದ್ದಾರೆ. ಮಾಡುತ್ತಿದ್ದೇನೆ ಎಂದು ಅವರಿಗೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹುಡುಗನಿಗೆ ಹೇಗೆ ಹೇಳಿಕೊಡುತ್ತಾರೆ? ಕಾಲಿನಲ್ಲಿ ಮಾಡಿ ತೋರಿಸಿದರೆ ಹುಡುಗನಿಗೆ ಕಾಣುವುದು ಕಾಲು ಮಾತ್ರ. ಕತ್ತು ತಿರುಗಿಸಿ ನೋಡಿದ್ದು ಕಾಣುವುದಿಲ್ಲ.

ನನ್ನನ್ನು ಖುಷಿಪಡಿಸುವ ವಿಷಯವೂ ಇಲ್ಲೇ ಇದೆ. ಸಾಧಾರಣ ಆಟಗಾರ ಈ ಲೆಕ್ಕವನ್ನು ಯಾವಾಗಲೋ ಒಂದು ದಿನ ಕಷ್ಟಪಟ್ಟು ಕಲಿತಿರುತ್ತಾನೆ. ವೇಗ ಇಲ್ಲ, ಅದಕ್ಕೇ ಮುಂಚೆ ನೋಡಲು ಕಲಿತ. ದೇವರು ಕೊಟ್ಟ ಕಾಲು ಇದ್ದವರಿಗೆ ಆ ಅಗತ್ಯ ಬೀಳದೆಯೂ ಇರಬಹುದು. ಎಲ್ಲರಿಗೂ ಹೀಗೇ ಎಂದು ನಾನು ಹೇಳಲಾರೆ. ಕ್ರೈಫ್ ಇದ್ದರು, ಗಾರ್ಡಿಯೋಲ, ಆನ್ಸೆಲೊಟ್ಟಿ ಇದ್ದಾರೆ, ಆಡುವುದರಲ್ಲೂ ಕಲಿಸುವುದರಲ್ಲೂ ದೊಡ್ಡವರು. ಇನ್ನೊಂದು ಕಡೆ ಫ್ರಾನ್ಸಿನ ದೊಡ್ಡ ಆಟಗಾರ ಥಿಯರಿ ಆನ್ರಿ 2018ರ ಅಕ್ಟೋಬರ್‌ನಲ್ಲಿ ಮೊನಾಕೊ ಕೋಚ್ ಆಗಿ 2019ರ ಜನವರಿಯಲ್ಲೇ ಹೊರಬಂದರು. ಒಂದೊಂದು ಉದಾಹರಣೆ ಹಿಡಿದು ನಿಯಮ ಮಾಡಬಾರದು. ಕಲಿತದ್ದು ನೆನಪಿದ್ದವನಿಗೆ ಅದನ್ನು ಬಿಡಿಸಿ ಹೇಳುವುದು ಸುಲಭ, ನಾನು ಹೇಳುವುದು ಇಷ್ಟೇ.

ಜರ್ಮನಿಯ ಹೆಸರಾಂತ ಕೋಚ್ ಯೂರ್ಗನ್ ಕ್ಲಾಪ್ ಅವರನ್ನೇ ತೆಗೆದುಕೊಳ್ಳಿ. ಹತ್ತು ಕ್ಲಬ್ ಅಲೆದವರಲ್ಲ, 1990ರಿಂದ 2001ರವರೆಗೆ ಮೈನ್ಜ್ ಎಂಬ ಒಂದೇ ಜರ್ಮನ್ ಕ್ಲಬ್‌ನಲ್ಲಿ ಇದ್ದರು. ಆದರೆ ಎರಡನೇ ಡಿವಿಷನ್‌ನ ಸಾಧಾರಣ ಆಟಗಾರ, ಫಾರ್ವರ್ಡ್ ಆಗಿ ಬಂದು ಡಿಫೆಂಡರ್ ಆದವರು. ಆಡುತ್ತಿದ್ದಾಗಲೇ ಕ್ರೀಡಾ ವಿಜ್ಞಾನ ಓದಿ ಮುಗಿಸಿದರು. ಮೈನ್ಜ್‌ನಲ್ಲಿ ಅವರಿಗೆ ಕೋಚ್ ಆಗಿದ್ದವರು ವುಲ್ಫ್‌ಗಾಂಗ್ ಫ್ರಾಂಕ್, ತಾವೂ ಹಲವು ಕ್ಲಬ್‌ಗಳಲ್ಲಿ ಆಡಿದ ಫಾರ್ವರ್ಡ್. ಫ್ರಾಂಕ್ ಆಗ ಜರ್ಮನಿಯಲ್ಲಿ ಹೆಚ್ಚಿನವರು ಇಡುತ್ತಿದ್ದ ಸ್ವೀಪರ್‌ನನ್ನು, ಅಂದರೆ ಉಳಿದ ಡಿಫೆಂಡರ್‌ಗಳ ಹಿಂದೆ ಒಬ್ಬನೇ ನಿಲ್ಲುವವನನ್ನು ತೆಗೆದು, ನಾಲ್ಕು ಡಿಫೆಂಡರ್‌ಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಆಡಿಸಿದರು. ಅವರಿಗೆ ಮಾದರಿ ಇಟಲಿಯ ಕೋಚ್ ಆರಿಗೊ ಸಾಕ್ಕಿಯ ಮಿಲಾನ್ ತಂಡ, 1989 ಮತ್ತು 1990ರ ಯುರೋಪಿಯನ್ ಕಪ್ ಗೆದ್ದದ್ದು. ಆ ಸಾಕ್ಕಿ ವೃತ್ತಿಪರ ಫುಟ್ಬಾಲ್ ಆಡಿದವರೇ ಅಲ್ಲ! 2001ರ ಫೆಬ್ರವರಿಯಲ್ಲಿ ಕ್ಲಾಪ್ ಬೂಟು ಬಿಚ್ಚಿ ನೇರವಾಗಿ ಅದೇ ತಂಡದ ಕೋಚ್ ಆದರು. 2004ರಲ್ಲಿ ಮೈನ್ಜ್ ಮೊದಲ ಡಿವಿಷನ್‌ಗೆ ಏರಿತು. ಜನ ಹೇಳುವ ಹಾಗೆ ರಾತ್ರೋರಾತ್ರಿ ಆದದ್ದಲ್ಲ, ಅವರ ತಯಾರಿ ಡಿಫೆಂಡರ್ ಆಗಿ ನಿಂತಿದ್ದಾಗಲೇ ನಡೆದಿತ್ತು.

ಅದಕ್ಕೇ ಇನ್ನೂ ಆಡುತ್ತಿರುವವರಿಗೆ ಕೈಮುಗಿದು ಹೇಳುತ್ತೇನೆ, ನಿವೃತ್ತಿಗೆ ಕಾಯಬೇಡಿ. ಯುರೋಪಿನಲ್ಲಿ ಸಿ, ಬಿ, ಎ, ಪ್ರೊ ಎಂದು ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸ್ ಇದೆ, ಒಂದೊಂದಕ್ಕೂ ಸಮಯ ಬೇಕು. 35ಕ್ಕೆ ಶುರು ಮಾಡಿದರೆ ಆಗುವುದಿಲ್ಲ ಅಂತಲ್ಲ, ಆದರೆ ಸಂಬಳ ನಿಂತ ಮೇಲೆ ಓದುವುದು ಕಷ್ಟ, ಅಲ್ವಾ? ಮತ್ತೆ ಬೆಂಚಿನ ಮೇಲೆ ಕೂತ ವರ್ಷಗಳನ್ನು ಮುಚ್ಚಿಡಬೇಡಿ. ಬಯೊಡೇಟಾದಲ್ಲಿ ಆ ಕ್ಲಬ್‌ಗಳ ಹೆಸರೇ ಬಿಟ್ಟು ಬರೆಯುವವರನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಎಂಟು ಕೋಚ್‌ಗಳ ಕೈಕೆಳಗೆ ಇದ್ದವರು ನೀವು. ಹೆಸರು ಪಟ್ಟಿಯಲ್ಲಿ ಇಲ್ಲದ ದಿನ ಯಾರು ಬಂದು ಕಾರಣ ಹೇಳಿದರು, ಯಾರು ಮುಖ ತಿರುಗಿಸಿಕೊಂಡು ಹೋದರು, ಎಲ್ಲ ನೆನಪಿದೆ ನಿಮಗೆ. ನಿಮ್ಮ ತಂಡದಲ್ಲೂ ವಾರ ವಾರ 11 ಜನ ಮಾತ್ರ ಶುರುವಿನಿಂದ ಆಡುತ್ತಾರೆ. ಉಳಿದವರ ಜೊತೆ ಹೇಗೆ ಮಾತಾಡಬೇಕೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನೆಲ್ಲ ಬರೆದಿಡಿ. ದಿನಾ ಅರ್ಧ ಪುಟ ಸಾಕು.

ಆ ಸೆಂಟರ್ ಬ್ಯಾಕ್ ಮರುಪರೀಕ್ಷೆಗೆ ಬಂದರು. ಅದೇ ವಿಷಯ ಕೊಟ್ಟೆ, ಬೇರೆ ಹುಡುಗರು. ಈ ಸಲ ಗೋಲು ಬೀಳುವವರೆಗೆ ಕಾಯಲಿಲ್ಲ, ಎರಡು ಪಾಸ್ ಮುಂಚೆಯೇ ಸೀಟಿ ಊದಿ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿದರು. ಡಿಫೆಂಡರ್ ಹುಡುಗನ ಪಕ್ಕ ಹೋಗಿ ನಿಂತರು. ಚೆಂಡು ಮುಟ್ಟಲಿಲ್ಲ.

"ಅವನ ತಲೆ ಎಲ್ಲಿದೆ?"

"ಕೆಳಗೆ, ಸರ್."

"ದೂರ ಪಾಸ್ ಕೊಡ್ತಾನಾ?"

ಹುಡುಗ ಸ್ವಲ್ಪ ಯೋಚಿಸಿದ. ಉತ್ತರ ಹೇಳಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ನಿಂತ.

ಅವತ್ತು ಅವರನ್ನು ಪಾಸ್ ಮಾಡಿದೆ. ಇನ್ನೂ ಎರಡು ವಿಷಯ ತಿದ್ದಿಕೊಳ್ಳಬೇಕಿತ್ತು, ಅದನ್ನೂ ವರದಿಯಲ್ಲಿ ಬರೆದುಕೊಟ್ಟೆ.