ಎನ್‌ಎಂಎಂಎಸ್ ಪಾಸಾದರೂ ದುಡ್ಡು ಯಾಕೆ ಬಂದಿಲ್ಲ?

ಪ್ರಶ್ನೆ: "ಮೇಡಂ, ನನ್ನ ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಹೋದ ವರ್ಷ ಎನ್‌ಎಂಎಂಎಸ್ ಪರೀಕ್ಷೆ ಪಾಸಾದಳು. ಶಾಲೆಯಲ್ಲಿ ಹಾರ ಹಾಕಿ ಫೋಟೊ ತೆಗೆದರು. ಖಾತೆಗೆ ಮಾತ್ರ ಇನ್ನೂ ಒಂದು ರೂಪಾಯಿ ಬಂದಿಲ್ಲ. ಸೈಬರ್ ಸೆಂಟರಿನ ಹುಡುಗ ಅರ್ಜಿ ಹಾಕಿದ್ದೀನಿ, ಬರುತ್ತೆ ಅಂತಾನೆ. ನಾನು ಯಾರನ್ನ ಕೇಳಬೇಕು?"

ಈ ಪ್ರಶ್ನೆ ನನಗೆ ಪ್ರತಿ ವರ್ಷ ಬರುತ್ತೆ. ಜಿಲ್ಲೆ ಬೇರೆ, ಮಗುವಿನ ಹೆಸರು ಬೇರೆ, ಕಥೆ ಮಾತ್ರ ಅದೇ. ಮಗು ಕಷ್ಟಪಟ್ಟು ಪರೀಕ್ಷೆ ಬರೆದಿರುತ್ತೆ, ಮೇಷ್ಟ್ರು ಬೆಳಿಗ್ಗೆ ಬೇಗ ಬಂದು ಸ್ಪೆಷಲ್ ಕ್ಲಾಸ್ ಮಾಡಿರುತ್ತಾರೆ, ಆಮೇಲೆ ಎಲ್ಲೋ ಒಂದು ಇನಿಷಿಯಲ್‌ನಿಂದಾಗಿ, ಇಲ್ಲಾ ಯಾರದೋ ಮೊಬೈಲ್ ನಂಬರಿನಿಂದಾಗಿ ಎಲ್ಲ ನಿಂತುಹೋಗಿರುತ್ತೆ. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಿಮ್ಮ ಅರ್ಜಿ ಎಲ್ಲಿ ನಿಂತಿದೆ ಅಂತ ನೀವೇ ಕಂಡುಹಿಡಿಯಬಹುದು.

ಮೊದಲು ಇದು ಎಷ್ಟು ದುಡ್ಡು ಅಂತ ಹೇಳಿಬಿಡುತ್ತೇನೆ, ಯಾಕಂದರೆ ಎಷ್ಟೋ ಮನೆಯಲ್ಲಿ ಇದನ್ನು ಸಾವಿರ ರೂಪಾಯಿಯ ಬಹುಮಾನ ಅಂದುಕೊಂಡಿರುತ್ತಾರೆ. ಎನ್‌ಎಂಎಂಎಸ್ ಅಂದರೆ ಎಂಟನೇ ಕ್ಲಾಸಿನಲ್ಲಿ ಪರೀಕ್ಷೆ ಬರೆಸಿ ಕೊಡುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಯೋಜನೆ. 2008ರಲ್ಲಿ ಶುರುವಾಯಿತು. ಮೊದಲು ವರ್ಷಕ್ಕೆ 6,000 ಇತ್ತು, 2017ರ ಏಪ್ರಿಲ್‌ನಿಂದ 12,000 ಆಗಿದೆ. ಒಂಬತ್ತನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿವರೆಗೆ, ನಾಲ್ಕು ವರ್ಷ. ಒಟ್ಟು 48,000 ರೂಪಾಯಿ. ಕೂಲಿ ಮಾಡುವ, ಗಾರ್ಮೆಂಟ್ಸಿಗೆ ಹೋಗುವ ಮನೆಗೆ ಇದು ಮಗಳ ಬಸ್ ಪಾಸು, ಪುಸ್ತಕ, ಕಾಲೇಜು ಫೀಸು. ಸುಮ್ನೆ ಬಿಡುವ ದುಡ್ಡಲ್ಲ.

ಈಗ ವಿಷಯಕ್ಕೆ ಬರೋಣ.

"ಪಾಸಾದಳು" ಅಂತ ಬರೆದಿದ್ದೀರಿ. ಅಲ್ಲೇ ಒಂದು ಸಲ ನಿಂತು ನೋಡಬೇಕು. ಎನ್‌ಎಂಎಂಎಸ್‌ನಲ್ಲಿ ಪಾಸಾಗುವುದು ಬೇರೆ, ಆಯ್ಕೆಯಾಗುವುದು ಬೇರೆ. 90 ಅಂಕದ ಎರಡು ಪೇಪರ್ ಇರುತ್ತೆ. ಒಂದು ಬುದ್ಧಿಶಕ್ತಿಯದು, ಇನ್ನೊಂದು ಗಣಿತ, ವಿಜ್ಞಾನ, ಸಮಾಜ ಸೇರಿದ್ದು. ಎರಡೂ ಸೇರಿ ಶೇ 40 ಬಂದರೆ ಅರ್ಹತೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಶೇ 32 ಸಾಕು. ಆದರೆ ಇಡೀ ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ಮಕ್ಕಳಿಗೆ ಮಾತ್ರ ಕೊಡುತ್ತಾರೆ, ಅದರಲ್ಲಿ ಕರ್ನಾಟಕದ ಪಾಲು 5,534. ಅಂದರೆ ಶೇ 40 ತೆಗೆದ ಎಲ್ಲರಿಗೂ ಸಿಗುವುದಿಲ್ಲ. ಆಯ್ಕೆ ಪಟ್ಟಿ ಅಂತ ಬೇರೆಯೇ ಬರುತ್ತೆ, ಅದರಲ್ಲಿ ಹೆಸರಿದ್ದರೆ ಮಾತ್ರ ಮುಂದಿನ ಮಾತು. ಶಾಲೆಯಲ್ಲಿ ಕೇಳುವಾಗ "ಪಾಸಾಗಿದ್ದಾಳಾ" ಅಂತ ಕೇಳಬೇಡಿ. "ಆಯ್ಕೆ ಪಟ್ಟಿಯಲ್ಲಿ ಹೆಸರಿದೆಯಾ, ತೋರಿಸಿ" ಅಂತ ಕೇಳಿ. ಹಾರ ಹಾಕಿದ್ದಾರೆ ಅಂದರೆ ಇರಬಹುದು, ಆದರೂ ಕಣ್ಣಾರೆ ನೋಡಿ.

ಹೆಸರಿದೆ ಅಂತಾದರೆ ಮುಂದಿನದು ಅರ್ಜಿ. ಜಾಸ್ತಿ ಜನ ಎಡವುವುದು ಇಲ್ಲೇ. ಎಂಟನೇ ಕ್ಲಾಸಿನಲ್ಲಿ ಶಾಲೆಯವರು ತುಂಬಿದ್ದು ಪರೀಕ್ಷೆಯ ಅರ್ಜಿ. ದುಡ್ಡು ಬೇಕಾದರೆ ಒಂಬತ್ತನೇ ಕ್ಲಾಸಿಗೆ ಬಂದ ಮೇಲೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಅಂದರೆ ಎನ್‌ಎಸ್‌ಪಿಯಲ್ಲಿ, ಬೇರೆ ಅರ್ಜಿ ಹಾಕಬೇಕು. ಅದನ್ನು ಯಾರೂ ತಾವಾಗಿ ಹಾಕಿಕೊಡುವುದಿಲ್ಲ. ನಮ್ಮ ರಾಜ್ಯದಲ್ಲಿ ಇನ್ನೊಂದು ಗೊಂದಲವೂ ಇದೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಅಂತ ಇದೆ ಅಲ್ವಾ? ಎಸ್‌ಎಸ್‌ಪಿ, ಎನ್‌ಎಸ್‌ಪಿ, ಬಾಯಲ್ಲಿ ಹೇಳಿದರೆ ಎರಡೂ ಒಂದೇ ಥರ ಕೇಳುತ್ತೆ. ಸೈಬರ್ ಸೆಂಟರಿಗೆ ಹೋಗಿ "ಸ್ಕಾಲರ್‌ಶಿಪ್ ಹಾಕಿ" ಅಂದರೆ ಅವನು ದಿನಾ ಹಾಕುವ ಎಸ್‌ಎಸ್‌ಪಿಯನ್ನೇ ಹಾಕಿ ಪ್ರಿಂಟ್ ಕೊಡುತ್ತಾನೆ. ಅವನದೂ ತಪ್ಪಲ್ಲ, ನಿಮ್ಮದೂ ತಪ್ಪಲ್ಲ. ಆದರೆ ಎನ್‌ಎಂಎಂಎಸ್ ಅರ್ಜಿ ಹೋಗಿಯೇ ಇರುವುದಿಲ್ಲ. ಆ ಪ್ರಿಂಟ್ ಮನೆಯಲ್ಲಿದ್ದರೆ ಈಗಲೇ ತೆಗೆದು ನೋಡಿ. ಮೇಲ್ಗಡೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ ಅಂತ ಇರಬೇಕು, ಯೋಜನೆಯ ಹೆಸರಿನ ಜಾಗದಲ್ಲಿ ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್ ಅಂತ ಇರಬೇಕು.

ಎನ್‌ಎಸ್‌ಪಿಯಲ್ಲಿ ಈಗ ಮೊದಲು ಓಟಿಆರ್ ಮಾಡಿಸಬೇಕು. ಒಂದೇ ಸಲದ ನೋಂದಣಿ ಅದು. ಆಧಾರ್ ಹಾಕಿ, ಮೊಬೈಲಿನಲ್ಲಿ ಮುಖ ತೋರಿಸಿದರೆ 14 ಅಂಕಿಯ ನಂಬರ್ ಬರುತ್ತೆ. ಆ ನಂಬರನ್ನು ಡೈರಿಯಲ್ಲಿ ಬರೆದಿಡಿ, ಓದು ಮುಗಿಯುವವರೆಗೂ ಬೇಕಾಗುತ್ತೆ. ಮೊಬೈಲ್ ನಂಬರ್ ಮಾತ್ರ ನಿಮ್ಮ ಮನೆಯದೇ ಆಗಿರಲಿ. ಸೈಬರ್ ಸೆಂಟರಿನಲ್ಲಿ ಬೇಗ ಮುಗಿಯಲಿ ಅಂತ ಅವರ ನಂಬರನ್ನೇ ಹಾಕಿಬಿಡುತ್ತಾರೆ. ಮುಂದಿನ ವರ್ಷ ಓಟಿಪಿ ಅವರ ಫೋನಿಗೆ ಹೋಗುತ್ತೆ, ಆ ಹೊತ್ತಿಗೆ ಅಂಗಡಿಯೇ ಇರುವುದಿಲ್ಲ. ಇಂಥ ಒಬ್ಬ ಹುಡುಗನ ಅಪ್ಪ ಒಂದು ಓಟಿಪಿಗಾಗಿ ಮೂರು ದಿನ ಕೂಲಿ ಬಿಟ್ಟು ಓಡಾಡಿದ್ದನ್ನು ನಾನೇ ನೋಡಿದ್ದೇನೆ.

ಅರ್ಜಿ ಹಾಕಿದ ಕೂಡಲೇ ಕೆಲಸ ಮುಗಿಯಲ್ಲ. ಅದು ಮೊದಲು ಶಾಲೆಯ ಲಾಗಿನ್‌ಗೆ ಹೋಗುತ್ತೆ. ಶಾಲೆಯ ನೋಡಲ್ ಅಧಿಕಾರಿ, ಅಂದರೆ ಸಾಮಾನ್ಯವಾಗಿ ಅಲ್ಲಿಯದೇ ಒಬ್ಬ ಮೇಷ್ಟ್ರು ಅಥವಾ ಹೆಡ್ ಮಾಸ್ಟರು, ಅದನ್ನು ಪರಿಶೀಲಿಸಿ ಒಪ್ಪಬೇಕು. ಆಮೇಲೆ ಜಿಲ್ಲಾ ನೋಡಲ್ ಅಧಿಕಾರಿ ಒಪ್ಪಬೇಕು. ಎರಡಕ್ಕೂ ಕೊನೆಯ ದಿನಾಂಕ ಇರುತ್ತೆ. ಶಾಲೆಯವರಿಗೆ ಆ ತಿಂಗಳು ನೂರೆಂಟು ಕೆಲಸ, ಒಂದು ಅರ್ಜಿ ಹಾಗೇ ಕೂತುಬಿಡಬಹುದು. ಎನ್‌ಎಸ್‌ಪಿಯಲ್ಲಿ ಲಾಗಿನ್ ಆಗಿ ಸ್ಟೇಟಸ್ ನೋಡಿದರೆ ಎಲ್ಲಿದೆ ಅಂತ ಗೊತ್ತಾಗುತ್ತೆ. "ಡಿಫೆಕ್ಟಿವ್" ಅಂತ ಕಂಡರೆ ಗಾಬರಿ ಬೇಡ. ಏನೋ ತಪ್ಪಿದೆ, ತಿದ್ದಿ ವಾಪಸ್ ಕಳಿಸಿ ಅಂತ ಅದರ ಅರ್ಥ. ಆದರೆ ದಿನಾಂಕ ಮುಗಿಯುವುದರೊಳಗೆ ತಿದ್ದಿ ಕಳಿಸಬೇಕು. ಹಾಕಿದ ಮೇಲೆ ತಿರುಗಿ ನೋಡದಿದ್ದರೆ ಡಿಫೆಕ್ಟಿವ್ ಆಗಿದ್ದೇ ಗೊತ್ತಾಗುವುದಿಲ್ಲ.

ತಪ್ಪು ಅಂದರೆ ಏನು? ಹತ್ತರಲ್ಲಿ ಎಂಟು ಸಲ ಹೆಸರು. ನಮ್ಮ ಕಡೆ ಇನಿಷಿಯಲ್ ಹಾಕುವ ಪದ್ಧತಿ ಇದೆಯಲ್ಲ, ಅದು ಇಲ್ಲಿ ದೊಡ್ಡ ತಲೆನೋವು. ಶಾಲೆಯ ದಾಖಲೆಯಲ್ಲಿ, ಅಂದರೆ ಎಸ್‌ಎಟಿಎಸ್‌ನಲ್ಲಿ, ಭೂಮಿಕಾ ಎಂ. ಅಂತ ಇರುತ್ತೆ. ಆಧಾರ್‌ನಲ್ಲಿ ಭೂಮಿಕಾ ಮಾತ್ರ. ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಎಂ. ಮುಂದೆ ಬಂದು ಎಂ. ಭೂಮಿಕಾ. ನಮಗೆ ಮೂರೂ ಒಂದೇ ಹುಡುಗಿ. ಕಂಪ್ಯೂಟರಿಗೆ ಮೂರು ಜನ. ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಒಂದು ಅಕ್ಷರ ಆಚೀಚೆ ಆದರಂತೂ ಕೇಳುವುದೇ ಬೇಡ. ನನ್ನ ಸಲಹೆ ಇಷ್ಟು: ಶಾಲೆಯ ದಾಖಲೆಯಲ್ಲಿ ಹೆಸರು, ಹುಟ್ಟಿದ ದಿನ ಸರಿಯಾಗಿದ್ದರೆ ಅದನ್ನು ಮುಟ್ಟಬೇಡಿ, ಆಧಾರ್ ಮತ್ತು ಬ್ಯಾಂಕನ್ನು ಅದಕ್ಕೆ ಹೊಂದಿಸಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರುವುದು ಶಾಲೆಯ ದಾಖಲೆಯಲ್ಲಿರುವ ಹೆಸರೇ, ಮುಂದೆ ಕೆಲಸಕ್ಕೆ ಸೇರುವಾಗಲೂ ನೋಡುವುದು ಆ ಅಂಕಪಟ್ಟಿಯನ್ನೇ. ಶಾಲೆಯ ದಾಖಲೆಯೇ ತಪ್ಪಿದ್ದರೆ ಒಂಬತ್ತನೇ ಕ್ಲಾಸಿನಲ್ಲೇ ಸರಿಮಾಡಿಸಿ, ಹತ್ತನೇ ಕ್ಲಾಸಿನ ಪರೀಕ್ಷೆ ಆದ ಮೇಲೆ ಬಹಳ ಕಷ್ಟ. ಮಗುವಿಗೆ 15 ವರ್ಷ ತುಂಬುತ್ತಿದ್ದರೆ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣು, ಫೋಟೊ ಹೊಸದಾಗಿ ಕೊಡಬೇಕು, ಹೇಗೂ ಹೋಗಿರುತ್ತೀರಲ್ಲ, ಎರಡನ್ನೂ ಒಟ್ಟಿಗೆ ಮುಗಿಸಿಕೊಳ್ಳಿ.

ಎಲ್ಲ ಸರಿಯಿದೆ, ಎರಡೂ ಕಡೆ ಒಪ್ಪಿಗೆ ಆಗಿದೆ, ಆದರೂ ದುಡ್ಡಿಲ್ಲ ಅನ್ನುವವರು ಬ್ಯಾಂಕಿನ ಕಡೆ ನೋಡಬೇಕು. ಹಣ ಮಗುವಿನ ಹೆಸರಿನ ಖಾತೆಗೇ ನೇರವಾಗಿ ಬರುತ್ತೆ. ತಿಂಗಳಿಗೆ ಸಾವಿರ ಅಂತ ಲೆಕ್ಕ ಅಷ್ಟೇ, ಬರುವುದು ವರ್ಷದ್ದು ಒಟ್ಟಿಗೆ. ಬ್ಯಾಂಕಿನವರು "ಆಧಾರ್ ಲಿಂಕ್ ಆಗಿದೆ" ಅಂದರೆ ಅಷ್ಟಕ್ಕೇ ಎದ್ದು ಬರಬೇಡಿ. ಖಾತೆಗೆ ಆಧಾರ್ ನಂಬರ್ ಸೇರಿಸಿರುವುದು ಒಂದು, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಈ ಆಧಾರ್‌ಗೆ ಬರುವ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅಂತ ಪಾವತಿ ನಿಗಮದ ಪಟ್ಟಿಯಲ್ಲಿ ಸೇರಿಸಿರುವುದು ಇನ್ನೊಂದು. ಸರ್ಕಾರದ ದುಡ್ಡು ಹೋಗುವುದು ಮ್ಯಾಪಿಂಗ್ ಆಗಿರುವ ಖಾತೆಗೆ. ಒಂದು ಆಧಾರ್‌ಗೆ ಅಂಥ ಖಾತೆ ಒಂದೇ, ಕೊನೆಯಲ್ಲಿ ಯಾವ ಬ್ಯಾಂಕಿನಲ್ಲಿ ಮಾಡಿಸಿದ್ದೀರೋ ಅದು. ಹೋದ ವರ್ಷ ಒಬ್ಬ ತಾಯಿ ಪಾಸ್‌ಬುಕ್ ಹಿಡಿದುಕೊಂಡು ಬಂದಿದ್ದರು, ಎಂಟ್ರಿ ಹಾಕಿಸಿ ಹಾಕಿಸಿ ಪುಟ ತುಂಬಿತ್ತು, ಎಲ್ಲಾ ಕಡೆ ಸೊನ್ನೆ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ಬೇರೆ ಬ್ಯಾಂಕಿನ ಹೆಸರು ಬಂತು. ಮಗಳು ಅಜ್ಜಿ ಮನೆಯಲ್ಲಿದ್ದಾಗ ಯಾವುದಕ್ಕೋ ತೆರೆದಿದ್ದ ಖಾತೆ, ಎಲ್ಲರಿಗೂ ಮರೆತೇಹೋಗಿತ್ತು. ಅಲ್ಲಿ ಹೋಗಿ ಕೇಳಿದರೆ 12,000 ರೂಪಾಯಿ ಹಾಗೇ ಇತ್ತು.

ಇಷ್ಟೆಲ್ಲ ಈ ವರ್ಷದ ಮಾತು. ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಮುಂದಿನ ವರ್ಷಗಳದ್ದು. ಈ ಅರ್ಜಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಹತ್ತನೇ ಕ್ಲಾಸಿಗೆ ಒಮ್ಮೆ, ಫಸ್ಟ್ ಪಿಯುಸಿಗೆ ಒಮ್ಮೆ, ಸೆಕೆಂಡ್ ಪಿಯುಸಿಗೆ ಒಮ್ಮೆ. ಹತ್ತನೇ ಕ್ಲಾಸಿನವರೆಗೆ ಶಾಲೆಯ ಮೇಷ್ಟ್ರು ನೆನಪು ಮಾಡುತ್ತಾರೆ. ಪಿಯು ಕಾಲೇಜಿನಲ್ಲಿ ನಿಮ್ಮ ಮಗಳು ಎನ್‌ಎಂಎಂಎಸ್ ಹುಡುಗಿ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಸೇರಿದ ವಾರದಲ್ಲೇ ಕಾಲೇಜಿನ ಆಫೀಸಿಗೆ ಹೋಗಿ ಹೇಳಬೇಕು, ಇಲ್ಲಿ ಎನ್‌ಎಸ್‌ಪಿ ನೋಡಿಕೊಳ್ಳುವವರು ಯಾರು ಅಂತ ಕೇಳಿಟ್ಟುಕೊಳ್ಳಬೇಕು. ನಾಲ್ಕು ವರ್ಷದಲ್ಲಿ ಕೊನೆಯ ಎರಡು ವರ್ಷದ 24,000 ಕಳೆದುಕೊಂಡ ಮಕ್ಕಳನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತೆ.

ಕಾಲೇಜು ಆರಿಸುವಾಗಲೂ ಇದು ತಲೆಯಲ್ಲಿರಲಿ. ಎಸ್‌ಎಸ್‌ಎಲ್‌ಸಿಯಲ್ಲಿ ಶೇ 60 ಬರಬೇಕು, ಅಂದರೆ 625ಕ್ಕೆ 375. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 55, ಅಂದರೆ 344. ಸರ್ಕಾರಿ ಅಥವಾ ಅನುದಾನಿತ ಕಾಲೇಜಿಗೇ ಸೇರಿರಬೇಕು. ಅನುದಾನವಿಲ್ಲದ ಖಾಸಗಿ ಕಾಲೇಜಿಗೆ ಸೇರಿದರೆ ಸ್ಕಾಲರ್‌ಶಿಪ್ ನಿಲ್ಲುತ್ತೆ. ಡಿಪ್ಲೊಮಾಗೆ ಹೋದರೂ ಸಿಗುವುದಿಲ್ಲ. ಡಿಪ್ಲೊಮಾ ಮಾಡಬೇಡಿ ಅಂತ ನಾನು ಖಂಡಿತ ಹೇಳಲ್ಲ, ಮಗಳಿಗೆ ಅದೇ ಇಷ್ಟವಾದರೆ 24,000ಕ್ಕಾಗಿ ದಾರಿ ಬದಲಿಸುವುದು ಸರಿಯಲ್ಲ. ಗೊತ್ತಿದ್ದು ನಿರ್ಧಾರ ಮಾಡಿ, ಅಷ್ಟೇ.

ಮನೆಯಲ್ಲಿ ಚಿಕ್ಕವರು ಏಳನೇ ಕ್ಲಾಸಿನಲ್ಲಿ ಇದ್ದರೆ ಅವರ ವಿಷಯವನ್ನೂ ಹೇಳಿಬಿಡುತ್ತೇನೆ. ಪರೀಕ್ಷೆ ಬರೆಯಲು ಏಳನೇ ಕ್ಲಾಸಿನಲ್ಲಿ ಶೇ 55 ಇರಬೇಕು, ಪರಿಶಿಷ್ಟರಿಗೆ ಶೇ 50. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ದಾಟಬಾರದು. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ.

ಈಗ ನೀವು ಮಾಡಬೇಕಾದ್ದು. ಸೈಬರ್ ಸೆಂಟರಿಗೆ ಮತ್ತೆ ಹೋಗಬೇಡಿ, ಮೊದಲು ಶಾಲೆಗೆ ಹೋಗಿ. ಮಗಳ ಆಧಾರ್, ಪಾಸ್‌ಬುಕ್, ಸೈಬರ್ ಸೆಂಟರಿನವರು ಕೊಟ್ಟ ಪ್ರಿಂಟ್, ಮೂರನ್ನೂ ತೆಗೆದುಕೊಂಡು ಹೋಗಿ ಮೂರರಲ್ಲೂ ಹೆಸರು ಹೇಗಿದೆ ಅಂತ ಮೇಷ್ಟ್ರ ಮುಂದೆಯೇ ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಅರ್ಜಿ ಶಾಲೆಯ ಲಾಗಿನ್‌ನಲ್ಲಿ ಕಾಣುತ್ತಾ ಅಂತ ಕೇಳಿ, ಸ್ಕ್ರೀನ್ ನೋಡದೆ ಎದ್ದು ಬರಬೇಡಿ. ಅಲ್ಲಿ ಇಲ್ಲವೇ ಇಲ್ಲ ಅಂದರೆ ಹಾಕಿದ್ದು ಎಸ್‌ಎಸ್‌ಪಿ ಇರಬೇಕು, ಎನ್‌ಎಸ್‌ಪಿಯ ಕೊನೆಯ ದಿನಾಂಕ ಇನ್ನೂ ಇದೆಯಾ ಅಂತ ಅವತ್ತೇ ನೋಡಿ. ಕೊನೆಯ ದಿನಾಂಕವನ್ನು ಎಷ್ಟೋ ಸಲ ಮುಂದೂಡುತ್ತಾರೆ. ಎರಡೂ ಕಡೆ ಒಪ್ಪಿಗೆ ಆಗಿದೆ ಅಂದರೆ ಅಲ್ಲಿಂದ ನೇರ ಬ್ಯಾಂಕಿಗೆ ಹೋಗಿ "ಈ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ" ಅಂತ ಇದೇ ಮಾತಿನಲ್ಲಿ ಕೇಳಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಖಾತೆ ಅವಳ ಹೆಸರಿನಲ್ಲೇ ಇರುವುದು, ಸಹಿ ಅವಳದೇ ಬೇಕಾಗಬಹುದು.